ಚೈನ್ ಸಾ: ಹೆರಿಗೆ ಕೋಣೆಯಿಂದ ತೆಂಗಿನ ತೋಟದವರೆಗೆ

"ಒಂದು ಚೈನ್ ಸಾ ತಗೋಬೇಕು, ಯಾವುದು ತಗೊಳ್ಳಲಿ? ಹೊಸದೋ, ಸೆಕೆಂಡ್ ಹ್ಯಾಂಡೋ?" ಗುಬ್ಬಿ, ಕುಣಿಗಲ್ ಕಡೆ ತೋಟ ಇರುವವರ ನಡುವೆ ಈ ಮಾತು ಈಗ ಮಾಮೂಲು. ಉತ್ತರ ಹೇಳುವವರೂ ಕಮ್ಮಿ ಇಲ್ಲ. ಒಬ್ಬರು ಸ್ಟಿಲ್ ಬಿಟ್ಟರೆ ಬೇರೆ ಇಲ್ಲ ಅನ್ನುತ್ತಾರೆ. ಇನ್ನೊಬ್ಬರು ಹುಸ್ಕ್‌ವರ್ನಾ ಅನ್ನುತ್ತಾರೆ. ಅದರ ಅರ್ಧಕ್ಕಿಂತ ಕಮ್ಮಿ ದುಡ್ಡಿಗೆ ಚೀನಾದ 58 ಸಿಸಿ ಸಿಗುವಾಗ ಅಷ್ಟೊಂದು ಯಾಕೆ ಸುರಿಯಬೇಕು ಅನ್ನುವುದು ಮೂರನೆಯವರ ವಾದ. ಎಲ್ಲರೂ ಮಾತಾಡುವುದು ಕಂಪನಿ ಬಗ್ಗೆ, ಸಿಸಿ ಬಗ್ಗೆ, ಬಾರ್ ಎಷ್ಟು ಇಂಚು ಅನ್ನುವುದರ ಬಗ್ಗೆ.

ಈ ಯಂತ್ರಕ್ಕೆ ಒಂದು ಇತಿಹಾಸ ಇದೆ. ಅದನ್ನು ಸ್ವಲ್ಪ ತಿಳಿದುಕೊಂಡರೆ, ಅಂಗಡಿಯಲ್ಲಿ ಏನು ನೋಡಬೇಕು ಅನ್ನುವುದು ತಾನಾಗಿಯೇ ಗೊತ್ತಾಗುತ್ತದೆ. ಯಾಕೆಂದರೆ ಇದರ ಒಂದೊಂದು ಭಾಗವೂ ಒಂದೊಂದು ಕಾಲದಲ್ಲಿ, ಯಾರದೋ ಒಂದು ಕಷ್ಟಕ್ಕೆ ಉತ್ತರವಾಗಿ ಸೇರಿಕೊಂಡಿದ್ದು. ಯಾವುದು ಮೊದಲು ಬಂತು, ಯಾವುದು ಕೊನೆಗೆ ಬಂತು ಅನ್ನುವುದರಲ್ಲೇ ಒಂದು ಪಾಠ ಇದೆ.

ಹೋಗುತ್ತಾ ಬರುತ್ತಾ

ಗರಗಸ ನಮಗೆ ಹೊಸದಲ್ಲ. ಹಳೆಯ ಮಾತು ಕರಗಸ. 12ನೇ ಶತಮಾನದಲ್ಲಿ ಬಸವಣ್ಣನವರು ಒಂದು ವಚನದಲ್ಲಿ ಭಕ್ತಿಯನ್ನು ಇದೇ ಕರಗಸಕ್ಕೆ ಹೋಲಿಸಿದ್ದಾರೆ, ಅದೂ ಎರಡೂ ದಿಕ್ಕಿನಲ್ಲಿ ಕಡಿಯುವ ಅದರ ಗುಣವನ್ನು ಹಿಡಿದು. ಕೇಳುವವರಿಗೆಲ್ಲ ಆ ಕೆಲಸ ಕಣ್ಣಮುಂದೆ ಇದ್ದದ್ದರಿಂದಲೇ ಆ ಹೋಲಿಕೆ ನಾಟಿರಬೇಕು.

ಹಳೆಯ ತಲೆಮಾರಿನವರಿಗೆ ಹಲಗೆ ಕೊಯ್ಯುವ ಜೋಡಿಗಳು ನೆನಪಿರುತ್ತವೆ. ದಿಮ್ಮಿಯನ್ನು ಎತ್ತರಕ್ಕೆ ಏರಿಸಿ ಕಟ್ಟಿ, ಒಬ್ಬ ಮೇಲೆ ನಿಂತು, ಒಬ್ಬ ಕೆಳಗೆ ನಿಂತು ಉದ್ದನೆಯ ಗರಗಸ ಎಳೆಯುವುದು. ಕೆಳಗಿನವನ ಕಣ್ಣು, ಮೂಗು, ಬಾಯಿ ಎಲ್ಲ ಹೊಟ್ಟು. ಮರ ಬೀಳಿಸುವುದಕ್ಕೆ ಕೊಡಲಿ, ತುಂಡು ಮಾಡುವುದಕ್ಕೆ ಇಬ್ಬರು ಎಳೆಯುವ ಗರಗಸ. ಕೆಲಸ ನಿಧಾನ. ಆದರೆ ಅದರಲ್ಲಿ ಒಂದು ಅನುಕೂಲ ಇತ್ತು: ಕೈ ನಿಂತರೆ ಗರಗಸವೂ ನಿಲ್ಲುತ್ತಿತ್ತು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಮ್ಮ ಜಿಲ್ಲೆಯಲ್ಲಿ ಕಡಿಯುವ ಕೆಲಸ ಹೆಚ್ಚಿದ್ದು

ತುಮಕೂರು ಜಿಲ್ಲೆ ಅಂದರೆ ತೆಂಗು. ಗುಬ್ಬಿ, ತಿಪಟೂರು, ತುರುವೇಕೆರೆ, ಕುಣಿಗಲ್, ಎಲ್ಲಿ ನೋಡಿದರೂ ತೆಂಗಿನ ತೋಟ, ನಡುವೆ ಅಡಿಕೆ. ಬದುಗಳಲ್ಲಿ ಹುಣಸೆ, ಹೊಂಗೆ, ಬೇವು, ಜಾಲಿ. ತೆಂಗಿನ ಮರ ಕಡಿಯುವುದು ಎಂದರೆ ಮನೆಯಲ್ಲಿ ಸಾವಾದ ಹಾಗೆ ಅನ್ನುವ ಕಡೆ ಇದು. ಹಾಗಿದ್ದರೆ ಇಲ್ಲಿ ಮರ ಕಡಿಯುವ ಯಂತ್ರಕ್ಕೆ ಇಷ್ಟು ಬೇಡಿಕೆ ಯಾಕೆ ಬಂತು?

ಒಂದು ಕಾರಣ ನೀಲಗಿರಿ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ರಾಜ್ಯದ ಒಣ ಜಿಲ್ಲೆಗಳಲ್ಲೆಲ್ಲ ನೀಲಗಿರಿ ಹಬ್ಬಿತು. ಎಲ್ಲರೂ ಸುಮ್ಮನಿರಲಿಲ್ಲ. 1983ರ ಆಗಸ್ಟ್‌ನಲ್ಲಿ ತುಮಕೂರು ಜಿಲ್ಲೆಯ ಹಳ್ಳಿಗಳ ರೈತರು ಅರಣ್ಯ ಇಲಾಖೆಯ ನರ್ಸರಿಗೆ ಹೋಗಿ ನೀಲಗಿರಿ ಸಸಿಗಳನ್ನು ಕಿತ್ತೆಸೆದು, ಅದೇ ಜಾಗದಲ್ಲಿ ಹುಣಸೆ, ಮಾವಿನ ಬೀಜ ಹಾಕಿದರು. ದೇಶದ ಪರಿಸರ ಚಳವಳಿಯ ಬಗ್ಗೆ ಬರೆಯುವವರು ಈಗಲೂ ಈ ಪ್ರಸಂಗವನ್ನು ನೆನೆಯುತ್ತಾರೆ. ಆದರೂ ನೀಲಗಿರಿ ನಿಲ್ಲಲಿಲ್ಲ. ಹೊಸದಾಗಿ ನೆಡಬಾರದು ಅಂತ ಸರ್ಕಾರ ಆದೇಶ ಮಾಡಿದ್ದು 2017ರಲ್ಲಿ. ನೀಲಗಿರಿಯ ಗುಣ ನಿಮಗೆ ಗೊತ್ತೇ ಇದೆ. ಒಮ್ಮೆ ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ, ಕೆಲವು ವರ್ಷಕ್ಕೆ ಮತ್ತೆ ಕಡಿಯಬೇಕು. ಹೀಗೆ ಕಡಿಯುವ ಕೆಲಸ ಒಂದು ಬೆಳೆಯ ಕುಯ್ಲಿನ ಹಾಗೆ ಆಯಿತು.

ಎರಡನೆಯದು ತೆಂಗಿಗೇ ಬಂದ ಕಷ್ಟ. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ನುಸಿ ಸ್ವಲ್ಪ ದಿನದಲ್ಲೇ ನಮ್ಮ ಕಡೆಗೂ ಬಂತು. 2001ರಿಂದ 2004ರವರೆಗೆ ಬರದ ಮೇಲೆ ಬರ. ಆಮೇಲೆ 2010ರ ದಶಕದಲ್ಲಿ ಮತ್ತೆ ಬರ, ಬೋರ್‌ವೆಲ್ ಬತ್ತಿದ್ದು, ಕಪ್ಪುತಲೆ ಹುಳು, ಕಾಂಡಸೋರು ರೋಗ. ಸುಳಿ ಬಿದ್ದು ಕಂಬದ ಹಾಗೆ ನಿಂತ ಮರಗಳನ್ನು ನೋಡಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಒಣಗಿದ ಮರ ತೆಗೆಯದೆ ಹೊಸ ಸಸಿ ಇಡುವ ಹಾಗಿಲ್ಲ. ಸತ್ತ ಮರದ ಕಾಂಡದಲ್ಲಿ ದುಂಬಿ, ಹುಳು ಸೇರಿಕೊಂಡು ಪಕ್ಕದ ಮರಕ್ಕೂ ಹೋಗುತ್ತವೆ. ತೆಂಗು ಅಭಿವೃದ್ಧಿ ಮಂಡಳಿಯ ಪುನಶ್ಚೇತನ ಯೋಜನೆಯಲ್ಲೂ ಮೊದಲ ಕೆಲಸ ಹಳೆಯ, ರೋಗದ ಮರ ತೆಗೆಯುವುದೇ. ಕೂಲಿಗೆ ಜನ ಸಿಗುವುದು ಕಷ್ಟವಾದ ಕಾಲ ಅದು. ಇದರ ಜೊತೆಗೆ ಬಿ.ಎಚ್. ರಸ್ತೆ ಅಗಲವಾಗುವಾಗ ಸಾಲುಮರಗಳೂ ಹೋದವು. ಯಂತ್ರ ಬಂತು.

ಇಲ್ಲೇ ಒಂದು ಕಿವಿಮಾತು. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರದು. ತೆಂಗು, ನೀಲಗಿರಿ, ಸರ್ವೆ, ಸಿಲ್ವರ್ ಓಕ್‌ಗೆ ಅದರಲ್ಲಿ ವಿನಾಯಿತಿ ಇದೆ. ಬೇರೆ ಬಹಳಷ್ಟು ಮರಗಳಿಗೆ, ಅವು ನಿಮ್ಮದೇ ಜಮೀನಿನಲ್ಲಿದ್ದರೂ, ಅನುಮತಿ ಬೇಕು. ಗರಗಸ ಸ್ಟಾರ್ಟ್ ಮಾಡುವ ಮುಂಚೆ ಅರಣ್ಯ ಇಲಾಖೆಯ ಕಚೇರಿಯಲ್ಲಿ ಕೇಳುವುದು ವಾಸಿ.

ಹೆರಿಗೆ ಕೋಣೆಯಲ್ಲಿ ಹುಟ್ಟಿದ ಚೈನು

ಸರಿ, ಯಂತ್ರದ ಕತೆಗೆ ಬರೋಣ. ಹಲ್ಲಿರುವ ಸರಪಳಿಯಿಂದ ಕೊಯ್ಯುವ ಉಪಾಯ ಮೊದಲು ಬಂದದ್ದು ಮರ ಕಡಿಯುವವರಿಗಲ್ಲ, ಡಾಕ್ಟರುಗಳಿಗೆ! 18ನೇ ಶತಮಾನದ ಕೊನೆಗೆ ಸ್ಕಾಟ್ಲೆಂಡಿನ ಜಾನ್ ಐಟ್ಕೆನ್ ಮತ್ತು ಜೇಮ್ಸ್ ಜೆಫ್ರಿ ಎಂಬ ವೈದ್ಯರು ಒಂದು ಚಿಕ್ಕ ಸರಪಳಿ ಗರಗಸ ಬಳಸಿದರು. ಗಡಿಯಾರದ ಚೈನಿನಷ್ಟು ಸಣ್ಣದು, ಎರಡು ತುದಿಗೂ ಹಿಡಿ. ಹೆರಿಗೆಯಲ್ಲಿ ಮಗು ಸಿಕ್ಕಿಕೊಂಡಾಗ ತಾಯಿಯ ಸೊಂಟದ ಮುಂಭಾಗದ ಕೀಲನ್ನು ಬಿಡಿಸುವುದಕ್ಕೆ, ಕೊಳೆತ ಮೂಳೆ ತೆಗೆಯುವುದಕ್ಕೆ ಅದು. ಅರಿವಳಿಕೆ ಇಲ್ಲದ ಕಾಲ, ಈಥರ್ ಬಂದದ್ದು 1846ರಲ್ಲಿ. ಎಷ್ಟು ಬೇಗ ಮುಗಿಯುತ್ತದೋ ಅಷ್ಟು ನೋವು ಕಡಿಮೆ.

1830ರಲ್ಲಿ ಜರ್ಮನಿಯ ವೂರ್ಟ್ಸ್‌ಬುರ್ಗ್‌ನಲ್ಲಿ ಬರ್ನ್‌ಹಾರ್ಡ್ ಹೈನೆ ಇನ್ನೊಂದು ಹೆಜ್ಜೆ ಮುಂದೆ ಹೋದ. ಅವನ ಮೂಳೆ ಕೊಯ್ಯುವ ಉಪಕರಣದಲ್ಲಿ ಹಿಡಿ ತಿರುಗಿಸಿದರೆ ಸರಪಳಿ ಒಂದು ಪಟ್ಟಿಯ ಸುತ್ತ ಓಡುತ್ತಿತ್ತು. ಅದರ ಚಿತ್ರ ನೋಡಿದರೆ ಇವತ್ತಿನ ಬಾರ್ ಮತ್ತು ಚೈನೇ! ಡಾಕ್ಟರರ ಉಪಕರಣವೇ ನೇರವಾಗಿ ಕಾಡಿಗೆ ಬಂತು ಅಂತಲ್ಲ. ಆದರೆ ಉಪಾಯ ಒಂದೇ. ಹೋಗುತ್ತಾ ಬರುತ್ತಾ ಕೊಯ್ಯುತ್ತಿದ್ದದ್ದು ಇಲ್ಲಿ ಒಂದೇ ದಿಕ್ಕಿಗೆ, ಬಿಡುವಿಲ್ಲದೆ ಓಡತೊಡಗಿತು.

ಅರ್ಧ ಕ್ವಿಂಟಾಲಿನ ಯಂತ್ರ

ಮರಕ್ಕೆ ಈ ಉಪಾಯ ಗಟ್ಟಿಯಾಗಿ ಬಂದದ್ದು 1920ರ ದಶಕದಲ್ಲಿ. 1926ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಆಂಡ್ರಿಯಾಸ್ ಸ್ಟಿಲ್ ವಿದ್ಯುತ್ತಿನಲ್ಲಿ ಓಡುವ ಚೈನ್ ಸಾ ಮಾಡಿದ. 1927ರಲ್ಲಿ ಎಮಿಲ್ ಲೆರ್ಪ್ ಪೆಟ್ರೋಲ್ ಯಂತ್ರವನ್ನು ತುರಿಂಗಿಯಾದ ಡೋಲ್ಮಾರ್ ಬೆಟ್ಟದ ಮೇಲೆ ಪ್ರಯೋಗ ಮಾಡಿ, ಕಂಪನಿಗೂ ಬೆಟ್ಟದ ಹೆಸರನ್ನೇ ಇಟ್ಟ. 1929ರಲ್ಲಿ ಸ್ಟಿಲ್‌ನ ಪೆಟ್ರೋಲ್ ಯಂತ್ರವೂ ಬಂತು. ಇವೆಲ್ಲ ಸುಮಾರು ಅರ್ಧ ಕ್ವಿಂಟಾಲ್ ತೂಕದವು. ಒಬ್ಬ ಇಂಜಿನ್ ಕಡೆ, ಒಬ್ಬ ಬಾರಿನ ತುದಿಯ ಕಡೆ ಹಿಡಿಯಬೇಕು. ಅಂದರೆ ನಮ್ಮ ಹಳೆಯ ಗರಗಸದ ಜೋಡಿಯೇ, ನಡುವೆ ಒಂದು ಇಂಜಿನ್ ಅಷ್ಟೆ :)

ಹುಳು ಕಲಿಸಿದ ಪಾಠ

ಆಗಿನ ಚೈನಿನ ಹಲ್ಲುಗಳು ಕೈಗರಗಸದ ಹಲ್ಲಿನ ಹಾಗೇ ಇದ್ದವು. ಮರವನ್ನು ಗೀರಿ ಪುಡಿ ಮಾಡುತ್ತಿದ್ದವು, ಬೇಗ ಮೊಂಡಾಗುತ್ತಿದ್ದವು, ಅರ ಹಾಕುವುದೇ ದೊಡ್ಡ ಕೆಲಸವಾಗಿತ್ತು. 1946ರಲ್ಲಿ ಅಮೆರಿಕದ ಆರಿಗನ್ ರಾಜ್ಯದ ಮರ ಕಡಿಯುವವ ಜೋಸೆಫ್ ಕಾಕ್ಸ್ ಒಂದು ಮರದ ಬುಡದಲ್ಲಿ ದುಂಬಿಯ ಮರಿಹುಳುವನ್ನು ಗಮನಿಸಿದ. ಬೆರಳು ಗಾತ್ರದ ಆ ಹುಳು ಗಟ್ಟಿ ಮರವನ್ನು, ನಾರಿನ ಉದ್ದಕ್ಕೂ ಅಡ್ಡಕ್ಕೂ, ಸಲೀಸಾಗಿ ಕೊರೆಯುತ್ತಿತ್ತು. ಅದರ ದವಡೆಗಳು ಕತ್ತಿಯ ಹಾಗೆ ಗೀರುತ್ತಿರಲಿಲ್ಲ. ಎಡಕ್ಕೊಮ್ಮೆ ಬಲಕ್ಕೊಮ್ಮೆ ಚಕ್ಕೆ ಎಬ್ಬಿಸುತ್ತಿದ್ದವು. ಕಾಕ್ಸ್ ಅದೇ ರೀತಿ ಬಾಗಿದ ಹಲ್ಲುಗಳನ್ನು ಎಡ ಬಲ ಸರದಿಯಲ್ಲಿ ಜೋಡಿಸಿ ಚೈನ್ ಮಾಡಿದ. 1947ರಲ್ಲಿ ಪೋರ್ಟ್‌ಲೆಂಡ್‌ನ ತನ್ನ ಮನೆಯ ನೆಲಮಾಳಿಗೆಯಲ್ಲಿ ಕಂಪನಿ ಶುರುವಾಯಿತು. ಇವತ್ತು ಅಂಗಡಿಯಲ್ಲಿ ಆರಿಗನ್ ಅಂತ ಸಿಗುವ ಚೈನು ಅದೇ. ಬೇರೆ ಕಂಪನಿಗಳ ಚೈನಿನ ಹಲ್ಲುಗಳೂ ಹೆಚ್ಚುಕಮ್ಮಿ ಅದೇ ವಂಶದವು.

ನಮ್ಮ ತೋಟದಲ್ಲಿ ಕೆಂಪುಮೂತಿ ಹುಳು ತೆಂಗನ್ನು ಒಳಗಿನಿಂದ ತಿನ್ನುತ್ತದೆ. ಅಲ್ಲೆಲ್ಲೋ ಇನ್ನೊಂದು ಹುಳು ಆ ಮರ ಕಡಿಯುವ ಹಲ್ಲನ್ನು ಕೊಟ್ಟಿತು. ವಿಚಿತ್ರ ಅಲ್ಲವೇ?

ಈ ಹುಳುವಿನ ಪಾಠ ನೆನಪಿದ್ದರೆ ಮೇಂಟೆನೆನ್ಸ್‌ನ ಅರ್ಧ ಭಾಗ ಗೊತ್ತಾದ ಹಾಗೆ. ಹರಿತವಾದ ಚೈನು ಚಕ್ಕೆ ಉದುರಿಸುತ್ತದೆ, ಮೊಂಡು ಚೈನು ಪುಡಿ ಉದುರಿಸುತ್ತದೆ. ಹೊಟ್ಟು ಹಿಟ್ಟಿನ ಹಾಗೆ ಬರುತ್ತಿದ್ದರೆ ನಿಲ್ಲಿಸಿ, ಅರ ತೆಗೆದುಕೊಳ್ಳಿ. ದುಂಡು ಅರ ಚೈನಿನ ಅಳತೆಗೆ ಸರಿಯಾಗಿರಬೇಕು: ಸಣ್ಣ ಯಂತ್ರದ 3/8 ಲೋ ಪ್ರೊಫೈಲ್ ಚೈನಿಗೆ 4 ಮಿ.ಮೀ., .325 ಚೈನಿಗೆ 4.8 ಮಿ.ಮೀ. ಅರ ಯಾವಾಗಲೂ ಹಲ್ಲಿನ ಒಳಗಿನಿಂದ ಹೊರಕ್ಕೆ, ಒಂದೇ ದಿಕ್ಕಿಗೆ. ಎಲ್ಲ ಹಲ್ಲಿಗೂ ಒಂದೇ ಲೆಕ್ಕದಲ್ಲಿ ಎಳೆಯಿರಿ, ಇಲ್ಲದಿದ್ದರೆ ಗರಗಸ ಒಂದು ಪಕ್ಕಕ್ಕೆ ವಾಲಿ ಕೊಯ್ಯುತ್ತದೆ. ಹಲ್ಲಿನ ಮುಂದೆ ಒಂದು ಪುಟ್ಟ ಗೂಟ ಇರುತ್ತದೆ, ಹಲ್ಲು ಎಷ್ಟು ಆಳ ಕಚ್ಚಬೇಕು ಅನ್ನುವುದನ್ನು ಅದು ತೀರ್ಮಾನಿಸುತ್ತದೆ. ಅದು ಹಲ್ಲಿಗಿಂತ ಸುಮಾರು 0.65 ಮಿ.ಮೀ. ತಗ್ಗಿರಬೇಕು. ಬೇಗ ಕೊಯ್ಯಲಿ ಅಂತ ಅದನ್ನು ಜಾಸ್ತಿ ಸವೆಸಿದರೆ ಗರಗಸ ಎಗರುತ್ತದೆ.

ತೆಂಗಿನ ವಿಷಯದಲ್ಲಿ ಇನ್ನೂ ಒಂದು ಮಾತು. ಬೇರೆ ಮರದಲ್ಲಿ ಚೇಗು ಒಳಗಿದ್ದರೆ ತೆಂಗಿನಲ್ಲಿ ಗಟ್ಟಿ ಇರುವುದು ಹೊರಗೆ, ನಡುವೆ ಮೆತ್ತಗೆ. ಹೊರಗಿನ ಆ ಗಟ್ಟಿ ನಾರು ಉಕ್ಕಿನ ಹಲ್ಲನ್ನು ಬೇಗ ಮೊಂಡು ಮಾಡುತ್ತದೆ. ಬುಡದ ಬೇರಿನಲ್ಲಿ ಮಣ್ಣು, ಮರಳು ಸೇರಿರುತ್ತದೆ, ಒಂದು ಸಲ ಮಣ್ಣಿಗೆ ತಾಗಿದರೆ ಚೈನು ಮುಗಿದ ಹಾಗೆ. ಬುಡದಿಂದ ಸ್ವಲ್ಪ ಮೇಲೆ, ಮಣ್ಣು ಒರೆಸಿ ಕೊಯ್ಯಬೇಕು. ಹುಳು ತಿಂದ ಮರ ಒಳಗೆ ಟೊಳ್ಳಾಗಿರುತ್ತದೆ, ನಾವು ಅಂದುಕೊಂಡ ಕಡೆಗೇ ಬೀಳುತ್ತದೆ ಅನ್ನುವ ಭರವಸೆ ಇಲ್ಲ. ಹಗ್ಗ ಕಟ್ಟದೆ ಮುಟ್ಟಬೇಡಿ.

ಒಬ್ಬನ ಕೈಗೆ

ಎರಡನೇ ಮಹಾಯುದ್ಧದ ಹೊತ್ತಿಗೆ ಹಗುರ ಲೋಹ, ಚಿಕ್ಕ ಇಂಜಿನ್ ಎಲ್ಲ ಸುಧಾರಿಸಿದ್ದವು. 1950ರಲ್ಲಿ ಸ್ಟಿಲ್‌ನ ಒಬ್ಬನೇ ಹಿಡಿಯುವ ಪೆಟ್ರೋಲ್ ಯಂತ್ರ ಬಂತು, ತೂಕ 16 ಕೆ.ಜಿ. 1959ರಲ್ಲಿ ಅದೇ ಕಂಪನಿಯ ಕಾಂಟ್ರಾ, 12 ಕೆ.ಜಿ. ಸುಮಾರಿಗೆ ಇಳಿಯಿತು. ಸ್ವೀಡನ್‌ನಲ್ಲಿ 1689ರಲ್ಲಿ ಬಂದೂಕು ಕಾರ್ಖಾನೆಯಾಗಿ ಶುರುವಾಗಿದ್ದ ಹುಸ್ಕ್‌ವರ್ನಾ ತನ್ನ ಮೊದಲ ಚೈನ್ ಸಾ ತಂದದ್ದೂ ಅದೇ 1959ರಲ್ಲಿ.

ಈ ಕಾಲದ ಇನ್ನೊಂದು ದೊಡ್ಡ ಬದಲಾವಣೆ ಕಾರ್ಬ್ಯುರೇಟರ್. ಹಳೆಯ ಯಂತ್ರಗಳಲ್ಲಿ ಸ್ಕೂಟರಿನ ಹಾಗೆ ತೇಲುವ ಬುರುಡೆಯ ಕಾರ್ಬ್ಯುರೇಟರ್ ಇತ್ತು. ಯಂತ್ರ ಓರೆ ಮಾಡಿದರೆ ಇಂಜಿನ್ ನಿಲ್ಲುತ್ತಿತ್ತು. ಆ ಬುರುಡೆಯ ಬದಲು ತೆಳುವಾದ ಪೊರೆ ಬಂದ ಮೇಲೆ ಯಂತ್ರವನ್ನು ಯಾವ ಕಡೆ ತಿರುಗಿಸಿದರೂ ಓಡತೊಡಗಿತು. ಬುಡ ಕೊಯ್ಯಲು ಅಡ್ಡ, ತುಂಡು ಮಾಡಲು ನೇರ ಹಿಡಿಯಲು ಆಗುವುದು ಅದರಿಂದಲೇ.

ಇವತ್ತು ರಿಪೇರಿಗೆ ಬರುವ ಯಂತ್ರಗಳಲ್ಲಿ ತೊಂದರೆ ಕೊಡುವುದೂ ಬಹಳ ಸಲ ಇದೇ ಪೊರೆ. ಈಗ ಬಂಕಿನಲ್ಲಿ ಸಿಗುವುದು ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲು. ಎಥನಾಲ್ ನೀರು ಹೀರುತ್ತದೆ, ಹಳೆಯ ರಬ್ಬರನ್ನು ಹಾಳು ಮಾಡುತ್ತದೆ. ಲೂನಾ, ಟಿವಿಎಸ್ 50 ಓಡಿಸಿದವರಿಗೆ ಆಯಿಲ್ ಬೆರೆಸುವುದು ಹೇಳಿಕೊಡಬೇಕಾಗಿಲ್ಲ. ಒಳ್ಳೆಯ ಟೂ ಸ್ಟ್ರೋಕ್ ಆಯಿಲ್ ಆದರೆ ಲೀಟರಿಗೆ 20 ಮಿ.ಲೀ., ಸಾಧಾರಣದ್ದಾದರೆ 40 ಮಿ.ಲೀ., ಯಂತ್ರದ ಪುಸ್ತಕದಲ್ಲಿ ಏನಿದೆಯೋ ಅದೇ ಕೊನೆಯ ಮಾತು. ಬೇಕಾದಷ್ಟೇ ಬೆರೆಸಿ. ತಿಂಗಳುಗಟ್ಟಲೆ ಇಡುವುದಾದರೆ ಟ್ಯಾಂಕ್ ಖಾಲಿ ಮಾಡಿ, ಕಾರ್ಬ್ಯುರೇಟರಿನಲ್ಲಿ ಉಳಿದದ್ದು ಮುಗಿಯುವವರೆಗೆ ಓಡಿಸಿ ಇಡಿ. ಚೈನಿಗೆ ಹಾಕುವ ಆಯಿಲ್ ಬೇರೆ, ಟ್ಯಾಂಕೂ ಬೇರೆ. ಗಾಡಿಯಿಂದ ಇಳಿಸಿದ ಸುಟ್ಟ ಆಯಿಲ್ ಅಲ್ಲಿಗೆ ಸುರಿಯಬೇಡಿ. ಅದರಲ್ಲಿರುವ ಲೋಹದ ಪುಡಿ ಪಂಪನ್ನೂ ಬಾರನ್ನೂ ತಿನ್ನುತ್ತದೆ.

ಕೊನೆಗೆ ಬಂದದ್ದು ಬ್ರೇಕು

ಇಲ್ಲಿಯವರೆಗಿನ ಕತೆ ನೋಡಿ. ಚೈನು, ಬಾರು, ಇಂಜಿನ್, ಹಲ್ಲು, ಕಾರ್ಬ್ಯುರೇಟರ್. ಎಲ್ಲವೂ ಮರ ಬೇಗ ಕೊಯ್ಯುವುದಕ್ಕೆ ಬಂದವು. ಹಿಡಿದವನ ಕತೆ?

1960ರ ದಶಕದಲ್ಲಿ ಕಾಡಿನ ಕೆಲಸಗಾರರ ಬೆರಳುಗಳು ಬಿಳಿಚಿಕೊಂಡು ಮರಗಟ್ಟುವುದು ವೈದ್ಯರ ಗಮನಕ್ಕೆ ಬಂತು. ದಿನವಿಡೀ ನಡುಗುವ ಹಿಡಿ ಹಿಡಿದದ್ದರ ಫಲ. ಆಮೇಲೆ ಹಿಡಿಗೂ ಇಂಜಿನ್‌ಗೂ ನಡುವೆ ರಬ್ಬರ್ ಬಂತು. ಇನ್ನೊಂದು, ಬಾರಿನ ತುದಿಯ ಮೇಲ್ಭಾಗ ಮರಕ್ಕೆ ತಾಗಿದರೆ ಗರಗಸ ಕಣ್ಣು ಮಿಟುಕಿಸುವಷ್ಟರಲ್ಲಿ ಹಿಂದಕ್ಕೆ, ಹಿಡಿದವನ ಮುಖಕ್ಕೆ, ಕತ್ತಿಗೆ ಎಗರುತ್ತದೆ. ಕಿಕ್‌ಬ್ಯಾಕ್ ಅನ್ನುವುದು ಇದಕ್ಕೇ. ಕೈ ನಿಂತರೆ ನಿಲ್ಲುತ್ತಿದ್ದ ಗರಗಸ ಈಗ ಕೈ ನಿಂತರೂ ಓಡುತ್ತದಲ್ಲ, ತೊಂದರೆ ಅಲ್ಲಿ. ಇದಕ್ಕೆ ಉತ್ತರವಾಗಿ ಮುಂದಿನ ಹಿಡಿಯ ಎದುರು ಇರುವ ಕಾವಲು ಪಟ್ಟಿಗೇ ಚೈನ್ ಬ್ರೇಕ್ ಜೋಡಿಸಿದ್ದು 1970ರ ದಶಕದ ಮೊದಲ ವರ್ಷಗಳಲ್ಲಿ. ಯಂತ್ರ ಎಗರಿದಾಗ ಕೈಯ ಮಣಿಕಟ್ಟು ಪಟ್ಟಿಗೆ ತಾಗುತ್ತದೆ, ಉಕ್ಕಿನ ಪಟ್ಟಿಯೊಂದು ಕ್ಲಚ್ ಡ್ರಮ್ಮನ್ನು ಬಿಗಿಯುತ್ತದೆ, ಚೈನು ನಿಲ್ಲುತ್ತದೆ.

ಲೆಕ್ಕ ಹಾಕಿ. ಪೆಟ್ರೋಲ್ ಚೈನ್ ಸಾ ಬಂದು ನಲವತ್ತು ವರ್ಷ ದಾಟಿದ ಮೇಲೆ ಬ್ರೇಕ್ ಬಂತು! ಮರಕ್ಕೆ ಬೇಕಾದದ್ದು ಮೊದಲು, ಮನುಷ್ಯನಿಗೆ ಬೇಕಾದದ್ದು ಕೊನೆಗೆ.

ಸೆಕೆಂಡ್ ಹ್ಯಾಂಡ್ ಯಂತ್ರದಲ್ಲಿ ಇದು ತಲೆಕೆಳಗು. ಕೊನೆಗೆ ಬಂದದ್ದೇ ಮೊದಲು ಹೋಗಿರುತ್ತದೆ. ಕಾವಲು ಪಟ್ಟಿ ಮುರಿದಿದ್ದರೆ "ಅದು ಅಡ್ಡ ಬರ್ತಿತ್ತು, ತೆಗೆದುಬಿಟ್ವಿ ಬಿಡಿ, ಇಂಜಿನ್ ಮಾತ್ರ ಫಸ್ಟ್ ಕ್ಲಾಸ್" ಅನ್ನುವ ಮಾತು ಸಿದ್ಧವಾಗಿರುತ್ತದೆ. ಹಾಗೆ ಬ್ರೇಕ್ ಕಳೆದುಕೊಂಡ ಯಂತ್ರ ಎಷ್ಟೇ ಹೊಸ ಮಾಡೆಲ್ ಆಗಿರಲಿ, ಅದು 1960ರ ಯಂತ್ರವೇ.

ಹಾಗಾಗಿ ಇತಿಹಾಸವನ್ನು ಹಿಂದಿನಿಂದ ಓದುವ ಹಾಗೆ ನೋಡುತ್ತಾ ಬನ್ನಿ:

1. ಮೊದಲು ಬ್ರೇಕ್. ಯಂತ್ರ ಓಡುವಾಗ ಪಟ್ಟಿಯನ್ನು ಮುಂದಕ್ಕೆ ತಳ್ಳಿ. ಚೈನು ತಕ್ಷಣ ನಿಲ್ಲಬೇಕು. ಆಫ್ ಸ್ವಿಚ್, ಆಕ್ಸಿಲರೇಟರಿನ ಲಾಕ್, ಚೈನ್ ಕಡಿದರೆ ಹಿಡಿಯುವ ಕೊಕ್ಕೆ ಇವೆಯೇ ನೋಡಿ. ಹಿಡಿಯ ರಬ್ಬರುಗಳು ಹರಿದಿರಬಾರದು.

2. ಆಕ್ಸಿಲರೇಟರ್ ಬಿಟ್ಟಾಗ ಇಂಜಿನ್ ಓಡುತ್ತಿದ್ದರೂ ಚೈನು ನಿಂತಿರಬೇಕು. ತೆವಳುತ್ತಿದ್ದರೆ ಐಡಲ್ ಹೊಂದಿಸಿಲ್ಲ ಅಥವಾ ಕ್ಲಚ್ ಸವೆದಿದೆ.

3. ಬಿಸಿಯಾದ ಮೇಲೆ ಓರೆ ಮಾಡಿ, ತಿರುಗಿಸಿ ನೋಡಿ. ನಿಂತು ಹೋದರೆ ಕಾರ್ಬ್ಯುರೇಟರ್ ಅಥವಾ ಪೆಟ್ರೋಲ್ ಪೈಪಿನ ಕೆಲಸ ಇದೆ. ಅದು ಸಣ್ಣ ಖರ್ಚು.

4. ಚೈನು, ಬಾರು, ಸ್ಪ್ರಾಕೆಟ್. ಬಾರಿನ ಅಂಚು ಸಮ ಇದೆಯೇ, ಸ್ಪ್ರಾಕೆಟ್‌ನಲ್ಲಿ ಆಳವಾದ ಗುಂಡಿ ಬಿದ್ದಿದೆಯೇ ನೋಡಿ. ಬಾರಿನ ತುದಿಯನ್ನು ಒಂದು ರಟ್ಟಿನ ಕಡೆ ತೋರಿಸಿ ಆಕ್ಸಿಲರೇಟರ್ ಕೊಟ್ಟರೆ ಆಯಿಲ್ ಗೆರೆ ಬೀಳಬೇಕು.

5. ಕೊನೆಗೆ ಇಂಜಿನ್. ತಣ್ಣಗಿರುವಾಗ ಸೈಲೆನ್ಸರ್ ಬಿಚ್ಚಿಸಿ ಟಾರ್ಚ್ ಹಾಕಿ ನೋಡಿ. ಪಿಸ್ಟನ್ ಮೇಲೆ ಉದ್ದುದ್ದ ಗೀರುಗಳಿದ್ದರೆ ಆಯಿಲ್ ಇಲ್ಲದೆ ಓಡಿಸಿದ್ದಾರೆ ಅಂತ ಅರ್ಥ. ಬಿಚ್ಚಲು ಬಿಡದಿದ್ದರೆ ಉತ್ತರ ಸಿಕ್ಕಿತು ಅಂದುಕೊಳ್ಳಿ. ಬಿಲ್ಲು, ಸೀರಿಯಲ್ ನಂಬರ್ ಹೊಂದದಿದ್ದರೆ ಕಳವಿನ ಮಾಲು ಇರಬಹುದು.

ಹೊಸದಕ್ಕೂ ಇದೇ ಕ್ರಮ. ವರ್ಷಕ್ಕೆ ನಾಲ್ಕಾರು ಒಣ ಮರ, ಗರಿ, ಕೊಂಬೆ ಅಷ್ಟೇ ಕೆಲಸ ಇದ್ದರೆ 16 ಇಂಚಿನ ಚಿಕ್ಕ ಯಂತ್ರ ಸಾಕು. ದಿನಾ ಬಾಡಿಗೆಗೆ ಓಡಿಸುವವರಿಗೆ, ಹುಣಸೆಯಂಥ ಗಟ್ಟಿ ಮರ ಕೊಯ್ಯುವವರಿಗೆ ದೊಡ್ಡದು ಬೇಕು. ಸಿಸಿ ಹೆಚ್ಚಾದಷ್ಟೂ ತೂಕ ಹೆಚ್ಚು, ಸುಸ್ತು ಹೆಚ್ಚು. ಸುಸ್ತಾದ ಕೈಗೇ ಏಟು ಬೀಳುವುದು. ಕಡಿಮೆ ಬೆಲೆಯ ಯಂತ್ರ ಕೊಂಡರೂ ಪರವಾಗಿಲ್ಲ, ಆದರೆ ಬ್ರೇಕ್ ನಿಜವಾಗಿ ಹಿಡಿಯುತ್ತದೆಯೇ ಅಂತ ಅಂಗಡಿಯಲ್ಲೇ ಸ್ಟಾರ್ಟ್ ಮಾಡಿಸಿ ನೋಡಿ. ಬಿಡಿಭಾಗ ತುಮಕೂರಿನಲ್ಲೇ ಸಿಗುತ್ತದೆಯೇ, ಅದಕ್ಕೂ ಬೆಂಗಳೂರಿಗೆ ಹೋಗಬೇಕೇ ಅನ್ನುವುದನ್ನೂ ಆಗಲೇ ಕೇಳಿ.

ನಮ್ಮ ಕಡೆ ಎಷ್ಟೋ ಸಲ ಯಂತ್ರ ಒಬ್ಬರದು, ಮರ ಇನ್ನೊಬ್ಬರದು, ಹಿಡಿದು ಕೊಯ್ಯುವವನು ಮೂರನೆಯವನು. ಅವನ ಕಾಲಲ್ಲಿ ಹವಾಯಿ ಚಪ್ಪಲಿ, ಉಟ್ಟಿರುವುದು ಲುಂಗಿ. ಉಳಿಸಿದ ದುಡ್ಡು ಮೊದಲ ಇಬ್ಬರಿಗೆ, ಹೋದ ಕಾಲು ಮೂರನೆಯವನಿಗೆ. ಯಂತ್ರ ನಿಮ್ಮದಾದರೆ ಬ್ರೇಕ್ ಸರಿ ಮಾಡಿಸಿ, ಜೊತೆಗೆ ಒಂದು ಜೊತೆ ಬೂಟು, ಕನ್ನಡಕ, ಕಿವಿಗೆ ಮುಚ್ಚಳ ಕೊಡಿಸಿ. ಮರ ನಿಮ್ಮದಾದರೆ ಕೊಯ್ಯುವವನು ಬಂದಾಗ ರೇಟು ಮಾತಾಡುವ ಮುಂಚೆ "ಎಲ್ಲಿ, ಬ್ರೇಕ್ ತಳ್ಳು ನೋಡೋಣ" ಅನ್ನಿ. ಬ್ರೇಕ್ ಹಿಡಿಯದಿದ್ದರೆ ಅವತ್ತು ಮರ ಕೊಯ್ಯಿಸಬೇಡಿ. ಒಣಗಿದ ತೆಂಗು ಇನ್ನೊಂದು ವಾರ ನಿಂತಿರುತ್ತದೆ.